ಗುಳಿಗೆಗೆ ಏಕಾದಶಿ ಇಲ್ಲ

ಮಾಘ ಶುದ್ಧ ಏಕಾದಶಿ. ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಸ್ಥಳ, ಚಿತ್ತಾಪುರದ ನಮ್ಮ ಮನೆಯ ದೇವರ ಕೋಣೆ. ಹಾಜರಿದ್ದವರು: ನಾನು, ಪದ್ಮಾಬಾಯಿ, ವಯಸ್ಸು ಎಪ್ಪತ್ತೆರಡು, ನಮ್ಮ ಮನೆಯವರು, ಎಪ್ಪತ್ತಾರು, ತೀರ್ಥದ ಬಟ್ಟಲಿನ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಬೆಳಗಿನ ಮೂರು ಗುಳಿಗೆಗಳು. ಗೈರು: ಯಾರೂ ಇಲ್ಲ.

ಹೀಗೆ ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಸೇಡಂನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಾರ್ಡನ್ ಆಗಿದ್ದೆ. ಐದಕ್ಕೆ ಗಂಟೆ, ಐದೂಕಾಲಿಗೆ ಹಾಜರಿ, ಸಂಜೆ ಏಳಕ್ಕೆ ಮತ್ತೊಮ್ಮೆ ಹಾಜರಿ. ನಂಬರು ಕೂಗಿದರೆ ಹುಡುಗಿ ತಾನೇ ಎದ್ದು ನಿಂತು ‘ಹಾಜರ್’ ಅನ್ನಬೇಕು. ಒಬ್ಬಳ ಹಾಜರಿಯನ್ನು ಇನ್ನೊಬ್ಬಳು ಹೇಳಿದಳೋ, ಇಬ್ಬರಿಗೂ ಆ ವಾರ ಅಂಗಳ ಗುಡಿಸುವ ಪಾಳಿ. ಈ ಒಂದು ನಿಯಮದಲ್ಲಿ ನಾನು ಯಾರಿಗೂ, ಯಾವ ಕಾರಣಕ್ಕೂ ರಿಯಾಯಿತಿ ಕೊಟ್ಟವಳಲ್ಲ. ನನಗೆ ನಾನೇ ಒಮ್ಮೆ ಕೊಟ್ಟುಕೊಂಡೆ. ಅದರ ಕಥೆಯೇ ಇದು.

ನನ್ನ ಎದೆಯೊಳಗೆ, ರಕ್ತನಾಳವನ್ನು ತೆರೆದಿಡುವ ಎರಡು ಸ್ಟೆಂಟುಗಳಿವೆ, ಒಂದರೊಳಗೆ ಒಂದು, ಬಳೆಯೊಳಗೆ ಬಳೆ ಇಟ್ಟ ಹಾಗೆ. ಹೊರಗಿನದು ಬರಿ ಲೋಹದ್ದು. ಒಳಗಿನದು ಔಷಧ ಲೇಪಿಸಿದ್ದು. ಸಕ್ಕರೆ ಕಾಯಿಲೆ ಇರುವವರು, ಅವರ ಮನೆಯವರು, ಯಾವುದು ಹಾಕಿಸಿಕೊಳ್ಳಬೇಕು ಎಂದು ಕೇಳಿಕೊಂಡು ನಮ್ಮ ಮನೆಗೆ ಬರುತ್ತಾರೆ. ನಾನು ಡಾಕ್ಟರಲ್ಲ, ಎರಡನ್ನೂ ಇಟ್ಟುಕೊಂಡು ಬದುಕಿದವಳು. ಬಂದವರಿಗೆಲ್ಲ ಬಾಯಿಮಾತಿನಲ್ಲಿ ಹೇಳಿ ಹೇಳಿ ಪ್ರತಿಸಲ ಏನೋ ಒಂದು ಬಿಟ್ಟುಹೋಗುತ್ತದೆ. ಆದ್ದರಿಂದ ಇಂದು ಕುಳಿತು ಪೂರ್ತಿ ಬರೆಯುತ್ತಿದ್ದೇನೆ.

ನಿವೃತ್ತಿಯಾದ ಮರುವರ್ಷ. ಮನೆಯ ಮುಂದಿನ ಅಂಗಳಕ್ಕೆ ಫರ್ಶಿ ಹಾಸಿಸಬೇಕೆಂದು, ಕಲ್ಲು ಆರಿಸಲು ನಾನೂ ನಮ್ಮ ಮನೆಯವರೂ ಶಹಾಬಾದಿಗೆ ಹೊರಟಿದ್ದೆವು. ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿನ ಮೇಲ್ಸೇತುವೆಗೆ ನಾನು ಎಣಿಸಿದಂತೆ ನಲವತ್ತೆರಡು ಮೆಟ್ಟಿಲು. ಮೆಟ್ಟಿಲು ಎಣಿಸದೆ ನಾನು ಯಾವ ಮಹಡಿಯನ್ನೂ ಹತ್ತಿದವಳಲ್ಲ. ಅವತ್ತು ಇಪ್ಪತ್ತಮೂರನೆಯದಕ್ಕೆ ನಿಂತುಬಿಟ್ಟೆ. ನೋವಿರಲಿಲ್ಲ. ಎದೆಯ ಮೇಲೆ ಯಾರೋ ಒಂದು ಹಾಸುಗಲ್ಲು ಇಟ್ಟು, ಎತ್ತಲು ಮರೆತು ಹೋದಂತಿತ್ತು. ಎಡಗೈಯಲ್ಲಿ ಜೋಮು. ಹಿಂದಿನವರೆಲ್ಲ ನನ್ನನ್ನು ದಾಟಿಕೊಂಡು ಹೋದರು. ನಮ್ಮ ಮನೆಯವರು ಮೇಲೆ ತಲುಪಿದವರು ತಿರುಗಿ ನೋಡಿ, ಇಳಿದು ಬಂದು, ನಾನು ನಿಂತ ಮೆಟ್ಟಿಲಿನ ಮೇಲೆ ಕರವಸ್ತ್ರ ಹಾಸಿ ಕೂರಿಸಿದರು. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ಅವರು ನನಗಾಗಿ ಬಹಿರಂಗವಾಗಿ ಏನನ್ನಾದರೂ ಹಾಸಿದ್ದು ಅದೇ ಮೊದಲು. ಆಗಲೇ ನನಗೆ ಹೆದರಿಕೆಯಾದದ್ದು.

ಸಕ್ಕರೆ ಕಾಯಿಲೆ ನನಗೆ ಬಂದು ಆಗಲೇ ಹದಿನಾಲ್ಕು ವರ್ಷವಾಗಿತ್ತು. ಅದನ್ನು ಒಬ್ಬ ಹಟಮಾರಿ ಹುಡುಗಿಯ ಹಾಗೆ ಶಿಸ್ತಿನಲ್ಲಿಟ್ಟಿದ್ದೇನೆ ಎಂದುಕೊಂಡಿದ್ದೆ. ಮುಂದಿನ ವಾರ ಕಲಬುರಗಿಯ ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದರು. ಒಂದು ರಕ್ತನಾಳ ಮುಕ್ಕಾಲು ಮುಚ್ಚಿದೆ, ಸ್ಟೆಂಟ್ ಹಾಕಬೇಕು ಎಂದರು.

ಆ ದಿನ ಜೊತೆಗಿದ್ದವರು ನಮ್ಮ ಮನೆಯವರು ಮತ್ತು ನನ್ನ ಮೈದುನ ಪ್ರಹ್ಲಾದ. ಪ್ರಹ್ಲಾದ ಸೇಡಂನ ತಾಲ್ಲೂಕು ಕಚೇರಿಯಲ್ಲಿದ್ದವನು. ಸಾಹೇಬರ ಮುಂದೆ ಮಾತಾಡುವುದು ಅವನಿಗೆ ಬರುತ್ತದೆ ಎಂಬುದು ಮನೆತನದ ನಂಬಿಕೆ. ನಮ್ಮ ಮನೆಯವರು ಹಳೆಯ ಸಿಮೆಂಟ್ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರಾಗಿದ್ದವರು. ಕೇಳಿದರೆ ಮಾತ್ರ ಮಾತು. ನಾನು ಪರದೆಯ ಹಿಂದೆ ಮಂಚದ ಮೇಲಿದ್ದೆ. ಪರದೆಯ ಆಚೆ ಡಾಕ್ಟರ್ ಬಂದು ಅವರಿಬ್ಬರಿಗೆ ಹೇಳುತ್ತಿದ್ದರು. ಎರಡು ಬಗೆಯ ಸ್ಟೆಂಟ್ ಇವೆ. ಸಕ್ಕರೆ ಇರುವವರಿಗೆ ಬರಿ ಲೋಹದ್ದು ಮತ್ತೆ ಕಿರಿದಾಗುವ ಭಯ ಹೆಚ್ಚು. ಔಷಧ ಹಚ್ಚಿದ್ದಕ್ಕೆ ಆ ಭಯ ಕಡಿಮೆ, ಆದರೆ ರಕ್ತ ತೆಳುವಾಗಿಸುವ ಎರಡು ಗುಳಿಗೆಗಳನ್ನು ಒಂದು ವರ್ಷ, ಒಂದು ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಬರಿ ಲೋಹದ್ದಕ್ಕಾದರೆ ಎರಡೂ ಗುಳಿಗೆ ಒಂದು ತಿಂಗಳು, ಆಮೇಲೆ ಒಂದೇ. ಇವರು ತಪ್ಪದೆ ತೆಗೆದುಕೊಳ್ಳುತ್ತಾರೆಯೇ?

ಪ್ರಹ್ಲಾದ ಹೇಳಿದ: “ಎಲ್ಲಾ ಬರಾಬರ್ ತೊಗೋತಾರ್ರಿ ಸಾಹೇಬ್ರ, ಏಕಾದಶಿ ಒಂದ ಬಿಟ್ಟು. ನಮ್ಮ ವೈನಿ ಏಕಾದಶಿ ದಿವಸ ಉಗುಳು ಸುದ್ಧಾ ನುಂಗಂಗಿಲ್ಲ.”

ಅವನು ದೂರು ಹೇಳಿದ್ದಲ್ಲ. ಅಣ್ಣನ ಹೆಂಡತಿಯ ನಿಷ್ಠೆಯನ್ನು ದೊಡ್ಡ ಊರಿನ ಡಾಕ್ಟರಿಗೆ ಹೊಗಳಿ ಹೇಳಿದ್ದು. ಮುಚ್ಚಿಡಬಾರದ ಮಾತೊಂದು ಇಲ್ಲಿದೆ: ಪರದೆಯ ಹಿಂದೆ ಮಲಗಿದ್ದ ನನಗೆ ಅದನ್ನು ಕೇಳಿ ಹೆಮ್ಮೆಯೇ ಆಯಿತು. ನನ್ನ ಹಾಜರಿಯನ್ನು ಇನ್ನೊಬ್ಬ ಕೂಗುತ್ತಿದ್ದಾನೆ ಎಂದು ಹೊಳೆಯಲೇ ಇಲ್ಲ. ಡಾಕ್ಟರ್ ಫೈಲಿನಲ್ಲಿ ಏನೋ ಬರೆದ ಸದ್ದಾಯಿತು. ಆಮೇಲೆ, ಹಾಗಾದರೆ ಲೋಹದ್ದೇ ಹಾಕೋಣ ಎಂದರು. ಪರದೆ ಸರಿಸಿ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಸರಿಸಲಿಲ್ಲ.

ಮರುತಿಂಗಳು ವಾಡಿಯ ನಲವತ್ತೆರಡು ಮೆಟ್ಟಿಲು ನಿಲ್ಲದೆ ಹತ್ತಿದೆ. ಊರಿಡೀ ನೋಡಲು ಬಂದಿತು. ಹಾಗಲಕಾಯಿ ರಸ ಕುಡಿಯಿರಿ ಎಂದವರು, ಮೆಂತೆ ನೆನೆಹಾಕಿ ಎಂದವರು, ಇನ್ನು ಮೇಲೆ ಮಲಗಿಯೇ ಇರಿ ಎಂದವರು. ಒಬ್ಬ ಸೋದರತ್ತೆ ನನ್ನ ಎದೆಯನ್ನು ದಿಟ್ಟಿಸಿ, ಒಳಗೆ ಕಬ್ಬಿಣ ಇಟ್ಟುಕೊಂಡು ಮಡಿಯಲ್ಲಿ ಅಡುಗೆ ಮಾಡಬಹುದೇ ಎಂದು ಕೇಳಿದಳು. ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಹಾಕಬಹುದಾದರೆ ಇದೂ ನಡೆಯುತ್ತದೆ ಎಂದೆ. ಮಲಗಿ ಎಂದವರ ಮುಂದೆ ಬೇಕೆಂದೇ ಎದ್ದು ನಿಂತು ಚಹಾ ಸೋಸಿಕೊಟ್ಟೆ.

ಗುಳಿಗೆಗೆ ಒಂದು ನೋಟ್‌ಬುಕ್ ಮಾಡಿದೆ. ಹಾಸ್ಟೆಲ್ ಹಾಜರಿಯ ಮಾದರಿಯಲ್ಲೇ ಗೆರೆ ಎಳೆದು, ಎಡಕ್ಕೆ ಗುಳಿಗೆಯ ಹೆಸರು, ಮೇಲೆ ತಾರೀಖು. ನುಂಗಿದ ಕೂಡಲೇ ಒಂದು ‘ಹಾ’. ಎಂಟು ತಿಂಗಳು ಬರೆದೆ. ಆ ನೋಟ್‌ಬುಕ್ಕಿನಲ್ಲಿ ಒಂದೂ ‘ಗೈ’ ಇರಲಿಲ್ಲ.

ಎಂಟನೆಯ ತಿಂಗಳು, ಮತ್ತೆ ವಾಡಿ. ಇಪ್ಪತ್ತೇಳನೆಯ ಮೆಟ್ಟಿಲು. ಅದೇ ಹಾಸುಗಲ್ಲು.

ಕಲಬುರಗಿಯ ಆ ಕಾಯುವ ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗೋಡೆಗೆ ಅಂಟಿದ ಕುರ್ಚಿಗಳ ಮೂರು ಸಾಲು. ಕುರ್ಚಿಗಳಿಗೆ ನಂಬರಿರಲಿಲ್ಲ, ಅದು ನನಗೆ ಸರಿಬರಲಿಲ್ಲ. ಹೆಸರು ಕೂಗುವವಳು ಬಾಗಿಲು ತೆರೆದಾಗಲೆಲ್ಲ ನಲವತ್ತು ತಲೆಗಳು ಒಟ್ಟಿಗೆ ಏಳುತ್ತಿದ್ದವು. ಯಾರೂ ಪಕ್ಕದವರ ಕಾಯಿಲೆ ಕೇಳುವುದಿಲ್ಲ. ಎಷ್ಟನೇ ಸಲ ಎಂದಷ್ಟೇ ಕೇಳುತ್ತಾರೆ. ಎರಡನೇ ಸಲ ಎಂದರೆ ಮುಖ ಬೇರೆ ಕಡೆ ತಿರುಗಿಸುತ್ತಾರೆ.

ಮುಖ ತಿರುಗಿಸದೆ ಉಳಿದವರು ಒಬ್ಬರೇ: ಶರಣಪ್ಪ, ಶಹಾಬಾದಿನಲ್ಲಿ ಫರ್ಶಿ ಕೊಯ್ದು ಪಾಲಿಷ್ ಹೊಡೆಯುವ ಯಾರ್ಡಿನ ಯಜಮಾನರು. ಹಣೆಗೆ ವಿಭೂತಿ, ಉಗುರಿನ ಸಂದಿಯಲ್ಲಿ ಕಲ್ಲಿನ ಹಿಟ್ಟು. ಅವರಿಗೂ ಬರಿ ಲೋಹದ ಸ್ಟೆಂಟೇ, ನನಗಿಂತ ಎರಡು ವರ್ಷ ಮೊದಲು ಹಾಕಿದ್ದು. ಕಲ್ಲಿನ ಹಾಗೆ ಗಟ್ಟಿ ನಿಂತಿತ್ತು. ಹಾಕಿದ ಎರಡೇ ತಿಂಗಳಿಗೆ ಹರ್ನಿಯಾ ಆಪರೇಷನ್ನೂ ಮಾಡಿಸಿಕೊಂಡಿದ್ದರಂತೆ. ಔಷಧ ಹಚ್ಚಿದ್ದಾಗಿದ್ದರೆ ಅಷ್ಟು ಬೇಗ ಮಾಡಲು ಆಗುತ್ತಿರಲಿಲ್ಲ ಎಂದರು. ಆದರೆ ಅವರಿಗೆ ಸಕ್ಕರೆ ಇರಲಿಲ್ಲ. ಅವರದು ನಿಂತಿತು, ನನ್ನದೇಕೆ ನಿಲ್ಲಲಿಲ್ಲ ಎಂದು ನಾನು ಸಿಟ್ಟಿನಿಂದ ಕೇಳಿದಾಗ ಅವರು ತಮ್ಮ ಧಂದೆಯ ಮಾತಿನಲ್ಲಿ ತಿಳಿಸಿದರು.

“ನೋಡ್ರಿ ಅಕ್ಕೋರ, ಪಾಲಿಷ್ ಇಲ್ಲದ ಫರ್ಶಿ ಒಣಾ ಅಂಗಳದಾಗ ಹಾಕ್ರಿ, ನೂರು ವರ್ಷ ಇರ್ತದ. ಅದನ್ನೇ ಬಚ್ಚಲದಾಗ ಹಾಕ್ರಿ, ಆರು ತಿಂಗಳಿಗೆ ಪಾಚಿ ಹಿಡೀತದ. ಕಲ್ಲಿಂದೇನು ತಪ್ಪಿಲ್ಲ. ಹಾಕಿದ ಜಾಗಾ ಅಂಥಾದ್ದು. ನಿಮ್ಮದು ಸಕ್ರಿ ನೀರು ಹರಿಯೋ ಬಚ್ಚಲ.”

ನನ್ನ ಎದೆಯನ್ನು ಬಚ್ಚಲು ಎಂದವರು ಅವರೊಬ್ಬರೇ. ನನಗೆ ನಗು ಬಂತು. ಪಾಲಿಷ್ ಹೊಡೆದದ್ದನ್ನು ಹಾಕಿದರೆ ಎಂದೆ.

“ಪಾಚಿ ಲಗೂನ ಹಿಡಿಯಂಗಿಲ್ಲ. ಖರೇ, ದಿನಾ ಒರಸಬೇಕು. ಒಂದಿನ ಬಿಟ್ರ ಕಾಲು ಜಾರ್ತದ.”

ನನ್ನ ಸರದಿಗೆ ಇನ್ನೂ ಹೊತ್ತಿತ್ತು. ಹಳೆಯ ಫೈಲು ಚೀಲದಲ್ಲಿತ್ತು. ಮನೆಗೆ ತಂದ ದಿನ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟವಳು ಅವತ್ತೇ ಮೊದಲ ಸಲ ತೆಗೆದು ಓದಿದೆ. ಎರಡನೆಯ ಪುಟದಲ್ಲಿ ಕೈಬರಹದ ಒಂದು ಸಾಲಿತ್ತು: ರೋಗಿಯು ಗುಳಿಗೆಗಳನ್ನು ತಪ್ಪದೆ ತೆಗೆದುಕೊಳ್ಳುವರೆಂಬ ಭರವಸೆ ಇಲ್ಲ, ಆದ್ದರಿಂದ ಬರಿ ಲೋಹದ್ದು.

ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಗಂಟೆ ತಡವಾಗಿ ಹೊಡೆಯದವಳ ಮೇಲೆ ಭರವಸೆ ಇಲ್ಲವೆ? ನಮ್ಮ ಮನೆಯವರ ಕೈಗೆ ಫೈಲು ಕೊಟ್ಟು, ಚೀಲದಿಂದ ಗುಳಿಗೆಯ ನೋಟ್‌ಬುಕ್ ತೆಗೆಯಲು ಹೇಳಿದೆ. ಇವತ್ತು ಆ ಡಾಕ್ಟರ ಮೇಜಿನ ಮೇಲೆ ಇದನ್ನು ಬಿಚ್ಚಿಟ್ಟು, ಒಂದೇ ಒಂದು ಗೈರು ತೋರಿಸಿ ಎನ್ನುತ್ತೇನೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಸ್ಟೋರಿನ ಗುಮಾಸ್ತರ ಕಣ್ಣು. ನಡುವೆ ನಿಂತು, ಬೆರಳಿಟ್ಟು ಕೇಳಿದರು.

“ಇವೇನು, ಹದಿನೈದು ದಿವಸಕ್ಕೊಮ್ಮೆ ‘ರ’ ಅಂತ ಬರದೀದಿ?”

“ರಜಾ. ಏಕಾದಶಿ.”

ಎಂಟು ತಿಂಗಳು, ಹದಿನಾರು ಏಕಾದಶಿ, ಹದಿನಾರು ‘ರ’. ಹಾಸ್ಟೆಲಿನ ಪುಸ್ತಕದಲ್ಲಿ ರಜೆಯೆಂದರೆ ಗೈರಲ್ಲ. ನಾನು ಅದೇ ಲೆಕ್ಕ ಹಿಡಿದು, ಒಂದೂ ಗೈರಿಲ್ಲ ಎಂದು ಎಂಟು ತಿಂಗಳು ಎದೆಯುಬ್ಬಿಸಿಕೊಂಡು ತಿರುಗಿದ್ದೆ. ನಮ್ಮ ಮನೆಯವರು ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟರು.

“ರಜಾ ನಿನಗಿತ್ತು,” ಅಂದರು. “ಎದಿಗೆ ಇತ್ತೇನು?”

ಆ ಹೊತ್ತಿನಲ್ಲಿ ಬಾಗಿಲು ತೆರೆದು ನನ್ನ ಹೆಸರು ಕೂಗಿದರು. ಜಗಳ ಆಡಲು ತಂದ ಪುಸ್ತಕವನ್ನು ತಪ್ಪೊಪ್ಪಿಗೆಯ ಹಾಗೆ ಎದೆಗವಚಿಕೊಂಡು ಒಳಗೆ ಹೋದೆ. ಹೊರಗಡೆ ಚಹಾ ಕುಡಿಯುತ್ತಿದ್ದ ಪ್ರಹ್ಲಾದನೂ ಹಿಂದೆಯೇ ಬಂದ.

ಅದೇ ಡಾಕ್ಟರ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಚಿತ್ರ ತೋರಿಸಿದರು. ಸ್ಟೆಂಟಿನ ಬಲೆಯ ಸಂದಿಯಿಂದ ಮಾಂಸ ಬೆಳೆದು ದಾರಿ ಮತ್ತೆ ಕಟ್ಟಿದೆ. ನನ್ನ ಹದಿನಾರು ರಜೆಗಳಿಂದಲೇ ಹೀಗಾಯಿತೇ ಎಂದು ಕೇಳಿದೆ. ಅಲ್ಲ, ಇದು ಸಕ್ಕರೆಯ ಕೆಲಸ ಎಂದರು. ಸಮಾಧಾನ ಮಾಡಲು ಹೇಳಿದ ಹಾಗಿರಲಿಲ್ಲ, ಇದ್ದದ್ದನ್ನು ಹೇಳಿದ ಹಾಗಿತ್ತು. ಈಗ ಇದರೊಳಗೆ ಔಷಧ ಲೇಪಿಸಿದ್ದನ್ನು ಕೂರಿಸಿದರೆ ಮಾಂಸ ಬೆಳೆಯುವುದನ್ನು ಅದು ತಡೆಯುತ್ತದೆ. ಆದರೆ ಅದರ ಮೇಲೆ ದೇಹದ ಪದರ ನಿಧಾನವಾಗಿ ಕೂಡುತ್ತದೆ. ಅಲ್ಲಿಯವರೆಗೆ ಗುಳಿಗೆಗೆ ರಜೆ ಕೊಟ್ಟರೆ ರಕ್ತ ಅಲ್ಲೇ ಹೆಪ್ಪುಗಟ್ಟಬಹುದು. ಲೋಹದ್ದು ತಿಂಗಳುಗಟ್ಟಲೆ ತೆಗೆದುಕೊಂಡು ಮುಚ್ಚಿತು, ನೀವು ನಡೆದುಕೊಂಡು ಇಲ್ಲಿಗೆ ಬಂದಿರಿ. ಹೆಪ್ಪುಗಟ್ಟಿದರೆ ಬರಲು ಹೊತ್ತಿರುವುದಿಲ್ಲ. ಅವರು ಹೇಳಿ, ನನ್ನನ್ನಲ್ಲ, ನನ್ನ ಹಿಂದೆ ನಿಂತ ಗಂಡಸರಿಬ್ಬರನ್ನು ನೋಡಿದರು. ವರ್ಷವಿಡೀ ತೆಗೆದುಕೊಳ್ಳುತ್ತಾರೆಯೇ?

ಪ್ರಹ್ಲಾದ ಗಂಟಲು ಸರಿಮಾಡಿಕೊಂಡ. “ಹಂಗೇನಿಲ್ರಿ ಸಾಹೇಬ್ರ, ನಮ್ಮ ವೈನಿ...”

“ಪ್ರಹ್ಲಾದ, ಸುಮ್ನ ಕೂಡು,” ಎಂದೆ. “ನನ್ನ ಹಾಜರಿ ನಾ ಹೇಳ್ತೀನಿ.”

ನೋಟ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟೆ. ಹದಿನಾರು ‘ರ’ಗಳನ್ನು ಒಂದೊಂದಾಗಿ ತೋರಿಸಿದೆ. ನೀವು ಬರೆದ ಸಾಲು ನಿಜ, ಆದರೆ ಅದನ್ನು ಬರೆಯುವ ಮೊದಲು ನನ್ನನ್ನು ಕೇಳಲಿಲ್ಲ, ಅದು ನಿಮ್ಮ ತಪ್ಪು. ನಾನು ಪರದೆ ಸರಿಸಲಿಲ್ಲ, ಅದು ನನ್ನ ತಪ್ಪು ಎಂದೆ. ಈ ವಯಸ್ಸಿಗೆ ಸಾದಾದ್ದೇ ಸಾಕು ಎಂದು ಯಾರಾದರೂ ಅಂದುಕೊಂಡಿದ್ದರೆ ಅದನ್ನೂ ಈಗಲೇ ಬಿಡಿ, ನನಗಿನ್ನೂ ಅಂಗಳಕ್ಕೆ ಫರ್ಶಿ ಹಾಸಿಸುವುದಿದೆ ಎಂದೆ. ಡಾಕ್ಟರ್ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. ಆ ಒಂದು ಚಲನೆಗಾಗಿ ನಾನು ಎಂಟು ತಿಂಗಳು ಕಾದಿದ್ದೆ ಎನ್ನುವುದು ಆಗಲೇ ನನಗೆ ತಿಳಿದದ್ದು.

“ಮುಂದಿನ ಏಕಾದಶಿ ಯಾವಾಗ ಅದ?” ಎಂದು ಕೇಳಿದರು.

“ಇವತ್ತಿಗೆ ಒಂಬತ್ತನೇ ದಿವಸ.”

“ಅವತ್ತ ಏನ್ ಮಾಡ್ತೀರಿ?”

“ಗುಳಿಗಿ ತೊಗೋತೀನಿ. ತೊಗೊಂಡು ಬಂದು ಪುಸ್ತಕ ತೋರಸ್ತೀನಿ.”

ಹೇಳುವಾಗ ಗಟ್ಟಿಯಾಗಿಯೇ ಹೇಳಿದೆ. ಆದರೆ ನಮ್ಮ ದೇವರ ಕೋಣೆ ನನ್ನ ಕೈಯಲ್ಲಿರಲಿಲ್ಲ. ಅದು ಅತ್ತೆಯವರ ಕೈಯಲ್ಲಿತ್ತು. ಎಂಬತ್ತನಾಲ್ಕು ವರ್ಷದ ಹೆಂಗಸು, ಎಪ್ಪತ್ತು ವರ್ಷದಿಂದ ಏಕಾದಶಿಗೆ ಹನಿ ನೀರು ಮುಟ್ಟದವರು. ಬಾಣಂತಿಯಾಗಿದ್ದಾಗಲೂ ಮುಟ್ಟಲಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಅವರನ್ನು ಕೇಳದೆ ನಾನು ಮಾತು ಕೊಟ್ಟು ಬಂದಿದ್ದೆ.

ಎರಡನೆಯ ಸ್ಟೆಂಟ್ ಮರುದಿನ ಬೆಳಿಗ್ಗೆ. ಒಳಗೆ ವಿಪರೀತ ಚಳಿ. ಬಳೆ, ತಾಳಿ, ಕನ್ನಡಕ ಎಲ್ಲ ಬಿಚ್ಚಿಸಿಕೊಂಡಿದ್ದರು. ಎದುರಿಗೆ ಬಂದದ್ದೆಲ್ಲ ಹಸಿರು ಮುಸುಕಿನ ಮಸುಕು ಆಕಾರಗಳು. ಹಲ್ಲು ಕಟಕಟ ಎನ್ನುತ್ತಿತ್ತು. ಚಳಿಗೆ ಎಂದುಕೊಳ್ಳಬೇಕೆಂದು ಪ್ರಯತ್ನಪಟ್ಟೆ. ಒಬ್ಬ ನರ್ಸ್ ಬಂದು ಹಣೆಯ ಮೇಲೆ ಕೈಯಿಟ್ಟು ಬಾಗಿದಳು.

“ಅಕ್ಕೋರ, ನಾ ನಾಗಮ್ಮ. ಮುಧೋಳದಾಕಿ. ಹಾಸ್ಟೆಲ್‌ದಾಗ ಹದಿನಾಲ್ಕು ನಂಬರ್.”

ಹದಿನಾಲ್ಕು. ಪಕ್ಕದ ಹಾಸಿಗೆಯವಳ ಹಾಜರಿ ಕೂಗಿ ಎರಡು ಸಲ ಸಿಕ್ಕಿಬಿದ್ದವಳು. ಎಷ್ಟು ಅಂಗಳ ಗುಡಿಸಿದ್ದಳೋ. ಚಿಕಿತ್ಸೆಗೆ ಮೊದಲು ರೋಗಿಯ ಹೆಸರು ಖಚಿತಪಡಿಸಿಕೊಳ್ಳುವುದು ಅಲ್ಲಿಯ ನಿಯಮವಂತೆ. ಅವಳು ಕಾಗದ ಎತ್ತಿ ಹಿಡಿದು, ನಾನು ಕೂಗುತ್ತಿದ್ದ ಅದೇ ದನಿಯಲ್ಲಿ ನನ್ನ ಹೆಸರು ಕೂಗಿದಳು.

“ಹಾಜರ್,” ಎಂದೆ.

“ಇನ್ನೊಬ್ರು ಹೇಳಿದ್ರ ನಡೆಯಂಗಿಲ್ಲ ನೋಡ್ರಿ ಇಲ್ಲಿ,” ಎಂದು ಅವಳು ಮುಸುಕಿನೊಳಗೇ ನಕ್ಕಳು. ಹಲ್ಲು ಕಟಕಟಿಸುವುದು ನಿಂತಿತು. ಮಣಿಕಟ್ಟಿನಿಂದ ಒಳಗೆ ಏನೋ ಹೋದದ್ದು, ಎದೆಯಲ್ಲಿ ಒಂದಷ್ಟು ಹೊತ್ತು ಹಳೆಯ ಹಾಸುಗಲ್ಲು ಕೂತದ್ದು, ಅದು ಎದ್ದುಹೋದದ್ದು, ಇಷ್ಟೇ ನೆನಪು. ಅಷ್ಟು ಹೊತ್ತೂ ಅವಳ ಕೈ ನನ್ನ ಹಣೆಯ ಮೇಲಿತ್ತು.

ಮೂರನೆಯ ದಿನ ಮನೆಗೆ ಬಿಟ್ಟರು. ಹೊರಡುವಾಗ ಹಳೆಯ ಕುರ್ಚಿಗಳ ಸಾಲಿನಲ್ಲಿ ಶರಣಪ್ಪ ಮತ್ತೆ ಸಿಕ್ಕರು. ಏನೋ ವರದಿ ತೆಗೆದುಕೊಳ್ಳಲು ಬಂದಿದ್ದರು. ಪಾಲಿಷ್ ಹೊಡೆದದ್ದೇ ಹಾಕಿದರು ಎಂದೆ. ಹಾಗಾದರೆ ಒರೆಸುವ ಬಟ್ಟೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ನನಗೆ ತಿಳಿಯಲಿಲ್ಲ.

“ನಮಗ ಏಕಾದಶಿ ಇಲ್ರಿ, ದಿನಾ ಲಿಂಗಪೂಜಿ. ಅದು ತಪ್ಪಂಗಿಲ್ಲ. ಅದಕ್ಕ ಗುಳಿಗಿ ಡಬ್ಬಿ ವಿಭೂತಿ ಗಟ್ಟಿ ಮಗ್ಗಲದಾಗ ಇಟ್ಟೀನಿ. ನೀವು ತಪ್ಪಸದೇ ಇರೋ ಜಾಗಾ ಯಾವುದದ, ಅಲ್ಲಿ ಇಡ್ರಿ. ಅಡಗಿ ಮನ್ಯಾಗ ಇಟ್ರ ಉಪವಾಸ ದಿವಸ ಕಣ್ಣಿಗೇ ಬೀಳಂಗಿಲ್ಲ.”

ಅಲ್ಲಿಯವರೆಗೆ ನನ್ನ ಡಬ್ಬಿ ಅಡುಗೆಮನೆಯ ಉಪ್ಪಿನ ಮರಿಗೆಯ ಪಕ್ಕದಲ್ಲಿರುತ್ತಿತ್ತು. ಏಕಾದಶಿಗೆ ಒಲೆ ಹಚ್ಚದ ಮನೆಯಲ್ಲಿ ಆ ದಿನ ಅಡುಗೆಮನೆಗೆ ಕಾಲಿಡುವ ಪ್ರಮೇಯವೇ ಇರಲಿಲ್ಲ. ಬೇರೆ ಮತದ ಒಬ್ಬ ಕಲ್ಲಿನ ವ್ಯಾಪಾರಿ ನನ್ನ ಎಂಟು ತಿಂಗಳ ತಪ್ಪನ್ನು ಕುಳಿತಲ್ಲಿಂದಲೇ ಹಿಡಿದರು. ಮನೆಗೆ ಬಂದ ದಿನವೇ ಡಬ್ಬಿಯನ್ನು ದೇವರ ಕೋಣೆಗೆ ತಂದು ತೀರ್ಥದ ಬಟ್ಟಲಿನ ಪಕ್ಕದಲ್ಲಿಟ್ಟೆ. ಅತ್ತೆ ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು.

ಏಕಾದಶಿ ಬಂತು. ಪೂಜೆ ಮುಗಿಯಿತು. ಬೇರೆ ದಿನ ತೀರ್ಥ ಮೂರು ಸಲ, ಏಕಾದಶಿಗೆ ಒಂದೇ ಸಲ, ಒಂದೇ ಉದ್ಧರಣೆ. ಮಗನಿಗೆ ಕೊಟ್ಟು ಅತ್ತೆ ನನ್ನ ಕಡೆ ತಿರುಗಿದರು. ನಾನು ಬಲಗೈ ಚಾಚಿ, ಎಡ ಮುಷ್ಟಿಯಲ್ಲಿ ಗುಳಿಗೆ ಹಿಡಿದು ನಿಂತಿದ್ದೆ.

“ಕೈಯಾಗ ಏನದು?” ಅಂದರು.

“ಗುಳಿಗಿ ರೀ. ಎದೀದು.”

“ಇವತ್ತ ಏಕಾದಶಿ.”

“ಗೊತ್ತದ್ರಿ. ಡಾಕ್ಟರಗ ಮಾತು ಕೊಟ್ಟು ಬಂದೀನಿ, ಒಂದಿನಾನೂ ತಪ್ಪಸಂಗಿಲ್ಲ ಅಂತ.”

“ನನ್ನ ಕೇಳದನ?”

“ಹೌದ್ರಿ. ನಿಮ್ಮನ್ನ ಕೇಳದನ.”

ನಮ್ಮ ಮನೆಯವರು ಗೋಡೆಯ ಮೇಲಿನ ಪಂಚಾಂಗ ನೋಡುತ್ತ ನಿಂತರು. ಔಷಧದಿಂದ ವ್ರತ ಕೆಡುವುದಿಲ್ಲ ಎಂಬ ಮಾತು ಹಿರಿಯರಲ್ಲಿ ಇದೆಯೆಂದು ಪ್ರಹ್ಲಾದ ಯಾರನ್ನೋ ಕೇಳಿಕೊಂಡು ಬಂದಿದ್ದ, ನಾನದನ್ನು ಎತ್ತಲಿಲ್ಲ. ಅತ್ತೆಗೆ ಶಾಸ್ತ್ರ ಹೇಳಿಕೊಡುವ ಧೈರ್ಯ ನನಗಿರಲಿಲ್ಲ. ಇಲ್ಲ ಅಂದರೂ ನುಂಗುತ್ತೇನೆ ಎಂಬ ಹಟ ಮಾತ್ರ ಇತ್ತು. ಅವರು ನನ್ನ ಮುಖವನ್ನೇ ನೋಡಿದರು. ಉದ್ಧರಣೆ ಎತ್ತಿ ತೀರ್ಥ ಹಾಕಿದರು. ಗುಳಿಗೆಗಳನ್ನು ಬಾಯಿಗೆ ಹಾಕಿಕೊಂಡು ನುಂಗಿದೆ. ಒಂದು ಇಳಿಯಿತು. ಇನ್ನೊಂದು ಅಂಗುಳಿಗೆ ಅಂಟಿ ಕಹಿಯಾಗಿ ಕರಗತೊಡಗಿತು. ಒಂದೇ ಉದ್ಧರಣೆ ಎಂದರೆ ಒಂದೇ. ನಾನು ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೆ.

ಅತ್ತೆ ತೀರ್ಥದ ಬಟ್ಟಲು ಕೆಳಗಿಟ್ಟರು. ಪಕ್ಕದ ಕಲಶದಿಂದ ಸಾದಾ ನೀರನ್ನು ಲೋಟಕ್ಕೆ ಬಗ್ಗಿಸಿದರು, ಅರ್ಧ ಲೋಟ.

“ಇದು ತೀರ್ಥ ಅಲ್ಲ, ಔಷಧದ ನೀರು. ಬಾಯಿ ತಗಿ,” ಅಂದರು. ನಾನು ಕುಡಿದ ಮೇಲೆ ಲೋಟ ತೆಗೆದುಕೊಂಡು, “ಕೊಟ್ಟ ಮಾತು ತಪ್ಪಿ ಉಪವಾಸ ಮಾಡಿದ್ರ ಅದು ಯಾವ ವ್ರತ ಆಗ್ತದ? ಬಾಳೆಹಣ್ಣು ತಿಂದು ಕೂಡು. ನಿನ್ನ ಹಾಜರಿ ತೊಗೊಳ್ಳಾಂವ ಎಲ್ಲೂ ಹೋಗಂಗಿಲ್ಲ, ಇಲ್ಲೇ ಕೂತಿರ್ತಾನ. ನೀ ಅವಸರ ಮಾಡಬ್ಯಾಡ,” ಅಂದರು.

ಎಪ್ಪತ್ತು ವರ್ಷ ತಾವು ಮುಟ್ಟದ ನೀರನ್ನು ಅವರು ತಮ್ಮ ಕೈಯಿಂದ ನನಗೆ ಕುಡಿಸಿದರು. ತಾವು ಆ ದಿನವೂ ಮುಟ್ಟಲಿಲ್ಲ. ಮುಂದಿನ ಏಕಾದಶಿಯಿಂದ ತೀರ್ಥ ಕೊಡುವ ಮೊದಲು ಅವರೇ ಕೇಳುತ್ತಿದ್ದರು: “ಪದ್ಮಾ, ಗುಳಿಗಿ?” ನಾನು ‘ಹಾಜರ್’ ಅನ್ನುತ್ತಿದ್ದೆ. ನಾಲ್ಕು ವರ್ಷ ಕೇಳಿದರು. ಆಮೇಲೆ ಹೋದರು.

ಔಷಧ ಲೇಪಿಸಿದ್ದು ಸುಖದ ದಾರಿ ಎಂದು ಯಾರೂ ತಿಳಿಯಬಾರದು. ಆ ವರ್ಷ ಎಲ್ಲಿ ತಾಕಿದರೂ ಮೈ ನೀಲಿಗಟ್ಟುತ್ತಿತ್ತು. ಹಲ್ಲುಜ್ಜಿದರೆ ರಕ್ತ. ಒಂದು ದವಡೆ ಹಲ್ಲು ಕೀಳಿಸಬೇಕಿತ್ತು. ಗುಳಿಗೆ ನಿಲ್ಲಿಸುವಂತಿಲ್ಲವಾದ್ದರಿಂದ ಹಲ್ಲಿನವರು ಮುಂದೂಡಿದರು, ನಾಲ್ಕು ತಿಂಗಳು ಲವಂಗ ಕಚ್ಚಿಕೊಂಡು ಕಳೆದೆ. ಶರಣಪ್ಪ ಎರಡೇ ತಿಂಗಳಲ್ಲಿ ಆಪರೇಷನ್ ಮುಗಿಸಿಕೊಂಡದ್ದು ನೆನಪಾಗಿ ಹೊಟ್ಟೆಕಿಚ್ಚಾಯಿತು. ನಿರ್ಜಲ ಉಪವಾಸ ಬಿಡಬೇಕಾಯಿತು. ಸಕ್ಕರೆಯ ಗುಳಿಗೆ ಬರಿ ಹೊಟ್ಟೆಗೆ ಹಾಕಿಕೊಂಡು ಕೂತರೆ ಇನ್ನೊಂದು ಅಪಾಯವೆಂದು ಡಾಕ್ಟರ್ ಗದರಿದರು. ಈಗ ಏಕಾದಶಿಗೆ ಹಣ್ಣು,  ಸಕ್ಕರೆ ಹಾಕದ ಹಾಲು. ನನ್ನ ವ್ರತ ಕೆಟ್ಟಿತು ಎಂದು ಆಡಿಕೊಂಡವರಿದ್ದಾರೆ. ಆಡಿಕೊಂಡವರ ಮನೆಗೆ ನಡೆದುಕೊಂಡೇ ಹೋಗಿ ಬಂದಿದ್ದೇನೆ.

ವರ್ಷ ತುಂಬಿದ ಮೇಲೆ ಎರಡರಲ್ಲಿ ಒಂದು ಗುಳಿಗೆ ನಿಲ್ಲಿಸಿದರು. ಇನ್ನೊಂದು ನಾನಿರುವವರೆಗೆ. ಒಳಗಿನ ಸ್ಟೆಂಟ್ ಇಂದಿಗೂ ತೆರೆದೇ ಇದೆ. ನಾಳೆಯ ಮಾತು ನಾನು ಹೇಳುವುದಿಲ್ಲ. ಹೋದ ತಿಂಗಳು ವಾಡಿಯ ಮೆಟ್ಟಿಲು ನಲವತ್ತೆರಡನ್ನೂ ನಿಲ್ಲದೆ ಹತ್ತಿ, ಮೇಲೆ ನಿಂತು, ಕೆಳಗೆ ಏದುಸಿರು ಬಿಡುತ್ತ ನಿಂತಿದ್ದ ನಮ್ಮ ಮನೆಯವರಿಗಾಗಿ ಕಾದೆ. ಕರವಸ್ತ್ರ ಹಾಸಲೇ ಎಂದು ಕೇಳಿದೆ.

ನನ್ನನ್ನು ಕೇಳಲು ಬರುವವರಿಗೆ ನಾನು ಹೇಳುವುದು ಇಷ್ಟೇ. ಯಾವ ಸ್ಟೆಂಟ್ ಎಂಬುದನ್ನು ನಿಮ್ಮ ಡಾಕ್ಟರ್ ಹೇಳುತ್ತಾರೆ. ಆದರೆ ಅವರು ಒಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಉತ್ತರ ಹೇಳಬೇಕಾದವರು ನೀವು. ಉಪವಾಸವಿದ್ದರೆ ಉಪವಾಸವಿದೆ ಎನ್ನಿ. ಮರೆವಿದ್ದರೆ ಮರೆವಿದೆ ಎನ್ನಿ. ಹೊಗಳಿಕೆಯಾಗಲಿ ದೂರಾಗಲಿ, ನಿಮ್ಮ ಪರವಾಗಿ ಇನ್ನೊಬ್ಬರು ಮಾತಾಡುತ್ತಿದ್ದರೆ ಎದ್ದು ಪರದೆ ಸರಿಸಿ. ಎದ್ದೇಳಲು ಆಗದಿದ್ದರೆ ಮಲಗಿದಲ್ಲಿಂದಲೇ ಕೂಗಿ.

ಬರೆಯುತ್ತ ಕೂತವಳು ಮಧ್ಯಾಹ್ನ ಎರಡು ಬಾಳೆಹಣ್ಣು ತಿಂದೆ. ನಾಲ್ಕಕ್ಕೆ ಚಿಂಚೋಳಿಯ ಕಡೆಯ ಐನಾಪುರದಿಂದ ಹಾಸ್ಟೆಲಿನ ಒಬ್ಬ ಹಳೆಯ ಹುಡುಗಿಯ ಫೋನ್ ಬಂತು; ಅವಳಿಗೂ ಸಕ್ಕರೆ, ಅವಳಿಗೂ ನಾಳೆ ಆಸ್ಪತ್ರೆ. ಗಂಡ ಜೊತೆಗೆ ಬರುತ್ತಾನೆ, ಅವನೇ ಎಲ್ಲ ಮಾತಾಡುತ್ತಾನೆ ಎಂದಳು. ನಿನ್ನ ನಂಬರ್ ಎಷ್ಟಿತ್ತು ಎಂದು ಕೇಳಿದೆ. ಮೂವತ್ತೊಂದು ಎಂದಳು. ಮೂವತ್ತೊಂದು ಎಂದು ಕೂಗಿದೆ. ಆಚೆಯಿಂದ ಸ್ವಲ್ಪ ಹೊತ್ತಿನ ಮೇಲೆ, ಸಣ್ಣ ದನಿಯಲ್ಲಿ, ಉತ್ತರ ಬಂತು. ಇನ್ನೂ ಗಟ್ಟಿಯಾಗಿ ಎಂದೆ.

ಐದಕ್ಕೆ ಅಂಗಳದ ಫರ್ಶಿ ಒರೆಸಿದೆ. ಶರಣಪ್ಪನವರ ಯಾರ್ಡಿನದು, ಪಾಲಿಷ್ ಹೊಡೆದದ್ದು. ಆರೂವರೆಗೆ ದೇವರ ಮುಂದೆ ದೀಪ. ಏಳಕ್ಕೆ ಹಾಲು. ಏಳೂಕಾಲಿಗೆ ಸಂಜೆಯ ಗುಳಿಗೆ, ಅರ್ಧ ಲೋಟ ನೀರಿನ ಜೊತೆ. ಪುಸ್ತಕದಲ್ಲಿ ಇಂದಿನ ತಾರೀಖಿನ ಕೆಳಗೆ, ಏಕಾದಶಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೌಕದೊಳಗೆ, ‘ಹಾ’ ಬರೆದೆ. ದ್ವಾದಶಿಯ ಬೆಳಗಿನ ಮೂರು ಗುಳಿಗೆಗಳನ್ನು ಎಣಿಸಿ ಡಬ್ಬಿಗೆ ಹಾಕಿ, ತೀರ್ಥದ ಬಟ್ಟಲಿನ ಪಕ್ಕದಲ್ಲಿಟ್ಟು, ಮುಚ್ಚಳ ಒತ್ತಿದೆ.